ಚಿಕ್ಕನರಸಯ್ಯ ತೇಗು ಎಣಿಸಿದ್ದು

ಕಳ್ಳಂಬೆಳ್ಳದಿಂದ ಸಿರಾ ಕಡೆಗೆ ಎರಡು ಮೈಲಿ ಬಂದರೆ ಸಿಗುವುದು ನಮ್ಮೂರು. ಹೆಸರು ಹೇಳುವುದಿಲ್ಲ. ಹೇಳಿದರೆ ಊರಿನವರು ನನ್ನನ್ನು ಸುಮ್ಮನೆ ಬಿಡುವವರಲ್ಲ. ಎಂಬತ್ತನಾಲ್ಕನೇ ಇಸವಿಯಲ್ಲಿ ಆ ಊರಿಗೆ ಒಂದು ದನದ ಆಸ್ಪತ್ರೆ ಇತ್ತು, ಆಸ್ಪತ್ರೆಗೆ ಒಬ್ಬರು ಡಾಕ್ಟರಿದ್ದರು. ಡಾಕ್ಟರಿದ್ದರು ಎಂಬುದಕ್ಕೆ ಗೋಡೆಯ ಮೇಲಿನ ಬೋರ್ಡೇ ಸಾಕ್ಷಿ. ಅವರು ವಾರದಲ್ಲಿ ನಾಲ್ಕು ದಿನ ಕ್ಯಾಂಪ್ ಹೋಗುತ್ತಿದ್ದರು, ಮಿಕ್ಕ ಮೂರು ದಿನ ಕ್ಯಾಂಪಿನ ಆಯಾಸ ಕಳೆಯುತ್ತಿದ್ದರು.

ಹಾಗಾಗಿ ಬೀಗ ತೆಗೆಯುವುದರಿಂದ ಹಿಡಿದು ಬೀಗ ಹಾಕುವವರೆಗಿನ ಎಲ್ಲ ಕೆಲಸವೂ ಚಿಕ್ಕನರಸಯ್ಯನದು. ಒದೆಯುವ ಎಮ್ಮೆಯ ಕಾಲು ಕಟ್ಟುವವನು ಅವನು, ಒದೆ ತಿನ್ನುವವನೂ ಅವನೇ. ಹನ್ನೊಂದು ವರ್ಷದಿಂದ ಅವನು ದಿನಗೂಲಿ ಅಟೆಂಡರ್. ಖಾಯಂ ಆಗಬೇಕು ಎನ್ನುವುದೊಂದೇ ಅವನ ಜೀವಮಾನದ ಆಸೆ. ಪ್ರತಿ ಯುಗಾದಿಗೂ ಒಂದು ಅರ್ಜಿ ಬರೆದು ಜಿಲ್ಲೆಯ ಕಚೇರಿಗೆ ಕಳಿಸುತ್ತಿದ್ದ. ಅಲ್ಲಿನ ಹೆಡ್ ಗುಮಾಸ್ತ ಗಂಗಯ್ಯನವರು ಅದನ್ನು ಶ್ರದ್ಧೆಯಿಂದ ಓದಿ, ಹಿಂದಿನ ವರ್ಷದ ಅರ್ಜಿಯ ಮೇಲಿಟ್ಟು, ದಾರ ಕಟ್ಟುತ್ತಿದ್ದರು. ಗಂಗಯ್ಯನವರು ಕೆಟ್ಟವರಲ್ಲ. ಒಂದು ಅರ್ಜಿಯನ್ನೂ ಕಳೆದಿರಲಿಲ್ಲ.

ಚಿಕ್ಕನರಸಯ್ಯನಿಗೆ ಒಂದು ಸಣ್ಣ ಚಟವಿತ್ತು. ಡಾಕ್ಟರು ಕ್ಯಾಂಪಿನಲ್ಲಿದ್ದಾಗ ಅವರ ಸ್ಟೆತಾಸ್ಕೋಪನ್ನು ಕೊರಳಿಗೆ ಹಾಕಿಕೊಂಡು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂರುತ್ತಿದ್ದ. ಯಾರಾದರೂ ಕೇಳಿದರೆ, "ಪೆಟ್ಟಿಗೇಲೇ ಇಟ್ರೆ ರಬ್ಬರು ಹಾಳಾಯ್ತದೆ, ಗಾಳಿ ಆಡ್ಲಿ ಅಂತ" ಎನ್ನುತ್ತಿದ್ದ. ಹೀಗೆ ರಬ್ಬರಿಗೆ ಗಾಳಿ ಆಡುತ್ತಿದ್ದ ಒಂದು ದಿನ ಜೀಪೊಂದು ಬಂದು ನಿಂತಿತು. ಇಳಿದವರು ಬೆಂಗಳೂರಿನ ಒಂದು ಸಂಸ್ಥೆಯ ಪ್ರೊಫೆಸರು. ಮೆಟ್ಟಿಲ ಮೇಲೆ ಸ್ಟೆತಾಸ್ಕೋಪು ಕಂಡದ್ದೇ ಕೈ ಮುಗಿದರು. ಚಿಕ್ಕನರಸಯ್ಯ ಹೌಹಾರಿ ಎದ್ದು ನಿಂತು, ತಾನು ಡಾಕ್ಟರಲ್ಲವೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಪ್ರಶ್ನೆ ಹಾಕಿಬಿಟ್ಟರು.

"ದನದ ಹೊಟ್ಟೆಯ ಗ್ಯಾಸಿನ ಬಗ್ಗೆ ನಿಮಗೇನಾದರೂ ಅನುಭವ ಇದೆಯೇ?"

"ಗ್ಯಾಸಾ? ಅದ್ರಲ್ಲೇ ಸಾರ್ ನಮ್ ಸರ್ವೀಸೆಲ್ಲಾ."

ಪ್ರೊಫೆಸರಿಗೆ ಬೇಕಾಗಿದ್ದದ್ದು ಅಂಥವನೇ. ಅವರು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ ವಿಷಯ ಬಿಡಿಸಿ ಹೇಳಿದರು. ಕಟ್ಟಿಹಾಕಿ ಮೇಯಿಸುವ ದನಗಳು ತಿಂದ ಮೇವಿನಲ್ಲಿ ಒಂದು ಪಾಲು ಹೊಟ್ಟೆಯೊಳಗೇ ಗ್ಯಾಸಾಗಿ, ಗಾಳಿಗೆ ಸೇರಿ, ದಂಡವಾಗುತ್ತದೆ. ಮೇವಿಗೆ ಅಳತೆಯಾಗಿ ಕಡಲೆಕಾಯಿ ಎಣ್ಣೆ ಬೆರೆಸಿದರೆ ಗ್ಯಾಸು ಕಡಿಮೆಯಾಗಿ, ಆ ಪಾಲೂ ದನದ ಮೈಗೇ ಹಿಡಿಯುತ್ತದೆ. ಇದು ಅವರ ಸಿದ್ಧಾಂತ. ಇದನ್ನು ಒಂದು ತಿಂಗಳು ಪರೀಕ್ಷೆ ಮಾಡಬೇಕು, ದಿನಾ ಗ್ಯಾಸು ಎಷ್ಟು ಸಲ ಹೋಯಿತೆಂದು ಎಣಿಸಿ ಪುಸ್ತಕದಲ್ಲಿ ಬರೆಯಬೇಕು. ಕೊನೆಯ ದಿನ ತಾವೇ ಬಂದು ಗ್ಯಾಸನ್ನು ಚೀಲದಲ್ಲಿ ಹಿಡಿದು ಅಳೆಯುತ್ತಾರೆ.

ಚಿಕ್ಕನರಸಯ್ಯ ಆಮೇಲೆ ತಾನು ಬರೀ ದಿನಗೂಲಿಯವನೆಂದು ಒಪ್ಪಿಕೊಂಡ. ಪ್ರೊಫೆಸರು ನಕ್ಕು, "ಇದು ಸರಿಹೋದರೆ ನಿಮ್ಮನ್ನು ಖಾಯಂ ಮಾಡಿ ಅಂತ ನಿಮ್ಮ ಜಿಲ್ಲಾ ಸಾಹೇಬರಿಗೆ ನಾನೇ ಹೇಳುತ್ತೇನೆ. ಅವರೂ ಆ ದಿನ ಬರುತ್ತಾರೆ" ಎಂದರು. ಅವತ್ತು ಚಿಕ್ಕನರಸಯ್ಯ ಮನೆಗೆ ನಡೆದು ಹೋಗಲಿಲ್ಲ, ಓಡಿ ಹೋದ.

ಕಟ್ಟಿ ಮೇಯಿಸುವ ದನಗಳೆಂದರೆ ನಮ್ಮ ಸೀಮೆಯಲ್ಲಿ ಇದ್ದದ್ದು ಕರೀಮ್ ಸಾಬರ ದೊಡ್ಡಿಯೊಂದೇ. ಸಿರಾದ ಕರೀಮ್ ಸಾಬರು ಸಂತೆಗಳಲ್ಲಿ ಬಡಕಲು ಕೋಣಗಳನ್ನು ಕೊಂಡು, ನಮ್ಮೂರ ಪಕ್ಕದ ದೊಡ್ಡಿಯಲ್ಲಿ ಮೂರು ತಿಂಗಳು ಕಟ್ಟಿ, ಹಿಂಡಿ ಹೊಟ್ಟು ಹಾಕಿ ದಪ್ಪ ಮಾಡಿ, ಬೆಂಗಳೂರಿನ ಮಾಂಸದ ವ್ಯಾಪಾರದವರ ಲಾರಿಗೆ ಹತ್ತಿಸುತ್ತಿದ್ದರು. ಆಗ ಅಲ್ಲಿ ಇಪ್ಪತ್ತನಾಲ್ಕು ಕೋಣಗಳಿದ್ದವು. ಹನ್ನೆರಡಕ್ಕೆ ಎಣ್ಣೆಯ ಮೇವು, ಹನ್ನೆರಡಕ್ಕೆ ಬರೀ ಮೇವು ಎಂದು ತೀರ್ಮಾನವಾಯಿತು.

"ನೋಡು ನರಸಯ್ಯ," ಎಂದರು ಸಾಬರು. "ಎಣ್ಣೆ ಅವರ್ದು, ಕೋಣ ನಮ್ದು. ಫಾಯ್ದೆ ಆಗ್ದಿದ್ರೆ ಪರ್ವಾಗಿಲ್ಲ. ನುಕ್ಸಾನ್ ಮಾತ್ರ ಆಗ್ಬಾರ್ದು. ಇವುಕ್ಕೆ ಏನಾದ್ರೂ ಆದ್ರೆ ಪ್ರೊಫೆಸರ್ ಸಿಕ್ಕಲ್ಲ, ನೀನು ಸಿಕ್ತೀಯ."

ಮರುದಿನ ಬೆಳಿಗ್ಗೆ ಚಿಕ್ಕನರಸಯ್ಯ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, ಪುಸ್ತಕ ಪೆನ್ಸಿಲ್ ಹಿಡಿದು, ಹನ್ನೆರಡು ಕೋಣಗಳ ಹಿಂದೆ ಮಣೆ ಹಾಕಿಕೊಂಡು ಕುಳಿತ. ಹಿಂದೆ ಎಂದರೆ ಬಾಲದ ಕಡೆ.

ದೊಡ್ಡಿಯ ಸಗಣಿ ಬಾಚುವ ಕೆಂಪಕ್ಕ ಮಂಕರಿ ಹೊತ್ತು ಬಂದವಳು ನಿಂತುಬಿಟ್ಟಳು. ಕೆಂಪಕ್ಕ ದನ ಕುರಿಗಳ ನಡುವೆಯೇ ಹುಟ್ಟಿ ಬೆಳೆದ ಹಟ್ಟಿಯ ಹೆಂಗಸು. ದನದ ವಿಷಯದಲ್ಲಿ ಬೋರ್ಡಿನ ಮೇಲಿನ ಡಾಕ್ಟರಿಗಿಂತ ಅವಳ ಮಾತಿಗೇ ಊರಿನಲ್ಲಿ ಬೆಲೆ.

"ಅದ್ಯಾಕ್ಲಾ ನರಸಯ್ಯ, ಕೋಣದ ಬಾಲ ನೋಡ್ಕಂಡು ಕುಂತಿದ್ದೀಯ?"

"ಸುಮ್ನಿರಕ್ಕ, ಲೆಕ್ಕ ತಪ್ತದೆ. ಗ್ಯಾಸ್ ಎಣಿಸ್ತಾ ಇವ್ನಿ."

"ಏನ್ ಎಣಿಸ್ತಾ ಇದ್ದೀಯ?"

"ಹೂಸು ಕಣಕ್ಕ! ಸರ್ಕಾರದ್ ಕೆಲ್ಸ."

ಕೆಂಪಕ್ಕ ಮಂಕರಿ ಕೆಳಗಿಟ್ಟಳು. ನಗುತ್ತಾ ಮಂಕರಿ ಹೊರುವುದು ಅಪಾಯವೆಂದು ಅವಳಿಗೆ ತಿಳಿದಿತ್ತು. ಮಧ್ಯಾಹ್ನದೊಳಗೆ ಸುದ್ದಿ ಹಟ್ಟಿ ಮುಟ್ಟಿತು, ಸಂಜೆಯೊಳಗೆ ಕಳ್ಳಂಬೆಳ್ಳ. ಮೂರನೆಯ ದಿನ ಸಿರಾ ಬಸ್ಸಿನ ಡ್ರೈವರು ದೊಡ್ಡಿಯ ಎದುರು ಬಸ್ಸು ನಿಧಾನ ಮಾಡಿ, ಹಾರನ್ ಹೊಡೆದು, ಪ್ರಯಾಣಿಕರಿಗೆ ಚಿಕ್ಕನರಸಯ್ಯನನ್ನು ತೋರಿಸತೊಡಗಿದ. ಚಿಕ್ಕನರಸಯ್ಯ ತಲೆ ಎತ್ತಲಿಲ್ಲ. ಪುಸ್ತಕದಲ್ಲಿ ಗೀಟು ಹಾಕುತ್ತಲೇ ಇದ್ದ. ಅನುಮಾನ ಬಂದ ಕಡೆ ಅರ್ಧ ಗೀಟು ಹಾಕುತ್ತಿದ್ದ.

ಹೆಂಡತಿ ಇಂದ್ರಮ್ಮನ ಅಣ್ಣ ಚೌಡಯ್ಯ ಮಧುಗಿರಿಯ ಒಂದು ಆಫೀಸಿನಲ್ಲಿ ಖಾಯಂ ಜವಾನ. ಆ ಖಾಯಂತನ ಅವನ ನಡಿಗೆಯಲ್ಲೇ ಕಾಣುತ್ತಿತ್ತು. ಭಾನುವಾರ ಅವನು ತಂಗಿಯ ಮನೆಗೆ ಬಂದು, ಚಾಪೆಯ ಮೇಲೆ ಕಾಲು ಚಾಚಿ ಕೂತು, "ಭಾವ, ನಮ್ಮ ಆಫೀಸಲ್ಲೆಲ್ಲಾ ಕೇಳ್ತವ್ರೆ. ನಿಮ್ಮ ಭಾವನೋರು ಯಾವ ಸೆಕ್ಷನ್ನು ಅಂತ. ನಾನ್ ಏನಂತ ಹೇಳ್ಲಿ?" ಎಂದ. ಇಂದ್ರಮ್ಮ ಅಣ್ಣನಿಗೆ ಅವತ್ತು ಎರಡನೇ ಸಲ ಸಾರು ಬಡಿಸಲಿಲ್ಲ. ಆದರೆ ಅಣ್ಣ ಹೋದ ಮೇಲೆ ಗಂಡನಿಗೂ ಮುಖ ಕೊಡಲಿಲ್ಲ.

ಮೊದಲ ವಾರದ ವರದಿ ಬೆಂಗಳೂರಿಗೆ ಹೋಯಿತು. ಐದು ದಿನಕ್ಕೆ ಉತ್ತರ ಬಂತು. ಪ್ರೊಫೆಸರು ದೊಡ್ಡ ವಿದ್ವಾಂಸರೇನೋ ನಿಜ, ಆದರೆ ಉತ್ತರವನ್ನು ಕಾರ್ಡಿನಲ್ಲಿ ಬರೆದಿದ್ದರು. ನಮ್ಮೂರಿನ ಪೋಸ್ಟ್‌ಮ್ಯಾನ್ ರಂಗಯ್ಯ ಕಾರ್ಡುಗಳನ್ನು ಓದಿಯೇ ಹಂಚುವವನು. ಅವತ್ತು ಅವನು ಅದನ್ನು ಹೋಟೆಲಿನಲ್ಲಿ ಒಮ್ಮೆ, ಹಿಟ್ಟಿನ ಗಿರಣಿಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿ, ಆಮೇಲೆ ವಿಳಾಸದಾರನಿಗೆ ತಲುಪಿಸಿದ. "ದನದ ಗ್ಯಾಸು ಬಹುಪಾಲು ಬಾಯಿಯಿಂದ, ತೇಗಿನಲ್ಲಿ ಹೋಗುತ್ತದೆ. ದಯವಿಟ್ಟು ಮುಂದಿನ ಕಡೆ ಕುಳಿತು ಎಣಿಸಿ" ಎಂದು ಅದರಲ್ಲಿತ್ತು.

ಊರು ನಕ್ಕಿತು. ಆದರೆ ಚಿಕ್ಕನರಸಯ್ಯನಿಗೆ ನಾಚಿಕೆಯಾಗಲಿಲ್ಲ, ಗಾಬರಿಯಾಯಿತು. ಅವನು ಹಿಂದೆ ಕೂತದ್ದು ದಡ್ಡತನದಿಂದಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಹಿಂದಿನದು ಕಡಿಮೆಯಾದರೆ ದನಕ್ಕೂ ಒಳ್ಳೆಯದು, ಪಕ್ಕದಲ್ಲಿ ನಿಂತವರಿಗೂ ಒಳ್ಳೆಯದು. ಓದಿದವರು ಅದನ್ನೇ ಕಡಿಮೆ ಮಾಡಲು ಹೊರಟಿದ್ದಾರೆಂದು ಯಾರಾದರೂ ತಿಳಿಯುತ್ತಾರೆ. ತೇಗಿನ ವಿಷಯ ಬೇರೆ. ನಮ್ಮ ಕಡೆ ದನಕ್ಕೆ ಹೊಟ್ಟೆ ಉಬ್ಬರಿಸಿದರೆ ಮನೆಮಂದಿಯೆಲ್ಲ ಅದರ ಬಾಯಿಯನ್ನೇ ನೋಡುತ್ತಾ ನಿಲ್ಲುತ್ತಾರೆ. ಬಾಯಿಗೆ ಬೇವಿನ ಕಡ್ಡಿ ಅಡ್ಡ ಕಟ್ಟುತ್ತಾರೆ, ಬಿದಿರಿನ ಗೊಟ್ಟದಲ್ಲಿ ಮಜ್ಜಿಗೆ ಇಂಗು ಕುಡಿಸುತ್ತಾರೆ, ಅಡ್ಡಾಡಿಸುತ್ತಾರೆ. ದಾರಿಯಲ್ಲಿ ಹೋಗುವವರೂ "ತೇಗ್ತಾ?" ಎಂದು ಕೇಳಿಯೇ ಮುಂದೆ ಹೋಗುತ್ತಾರೆ. ತೇಗಿದರೆ ದನ ಉಳಿಯಿತು. ತೇಗದಿದ್ದರೆ ಇಲ್ಲ.

"ತೇಗು ಕಡಿಮೆ ಮಾಡ್ಬೇಕಂತೆ ಕಣೆ," ಎಂದ ಅವನು ಹೆಂಡತಿಗೆ.

"ತೇಗು ಕಡಿಮೆ ಆದ್ರೆ ದನ ಉಳೀತವಾ?"

"ಅದೇ ನಂಗೂ ಗೊತ್ತಾಯ್ತಿಲ್ಲ. ಆದ್ರೆ ಅವ್ರು ಓದ್ದೋರು."

"ಖಾಯಂ ಮಾಡಿಸ್ತೀನಿ ಅಂದವ್ರಲ್ಲ?"

"ಅಂದವ್ರೆ."

"ಅಂಗಾದ್ರೆ ಮುಂದೆ ಕುಂತ್ಕಂಡು ಎಣಿಸಿ. ಅಲ್ಲಾದ್ರೆ ವಾಸ್ನೆನೂ ಇರಲ್ಲ," ಎಂದಳು ಇಂದ್ರಮ್ಮ.

ಚಿಕ್ಕನರಸಯ್ಯ ಮಣೆ ತಿರುಗಿಸಿದ. ಎಣ್ಣೆಯ ಮೇವು ತಿನ್ನುವ ಹನ್ನೆರಡು ಕೋಣಗಳ ಮುಂದೆ ಕುಳಿತು, ಒಂದೊಂದರ ಮೂತಿಯನ್ನೇ ನೋಡುತ್ತಾ ಗೀಟು ಹಾಕಿದ. ಮೊದಲ ದಿನ ಗಂಟೆಗೆ ಒಂದೊಂದು ಕೋಣ ನಲವತ್ತು ಸಲ ತೇಗಿತು. ಒಂದು ವಾರ ಕಳೆಯುವಷ್ಟರಲ್ಲಿ ಇಪ್ಪತ್ತೈದಾಯಿತು. ಇನ್ನೊಂದು ವಾರಕ್ಕೆ ಹನ್ನೆರಡು. ಎಣ್ಣೆಯಿಲ್ಲದ ಕೋಣಗಳು ಮಾತ್ರ ಪಕ್ಕದ ಸಾಲಿನಲ್ಲಿ ಹಬ್ಬದೂಟ ಮಾಡಿದ ಬೀಗರಂತೆ ಧಾರಾಳವಾಗಿ ತೇಗುತ್ತಿದ್ದವು. ಪ್ರೊಫೆಸರಿಗೆ ವರದಿ ಹೋದಂತೆಲ್ಲ "ಅದ್ಭುತ", "ಮುಂದುವರಿಸಿ" ಎಂದು ಕಾರ್ಡು ಬರುತ್ತಿತ್ತು. ರಂಗಯ್ಯ ಅವನ್ನೂ ಓದುತ್ತಿದ್ದ, ಆದರೆ ಈಗ ಯಾರೂ ನಗುತ್ತಿರಲಿಲ್ಲ.

ಯಾಕೆಂದರೆ ಊರಿಗೆ ಊರೇ ದೊಡ್ಡಿಯ ಕಡೆ ನೋಡುತ್ತಿತ್ತು. ನೀರಿಗೆ ಹೋಗುವ ಹೆಂಗಸರು ಬೇಲಿಯ ಹತ್ತಿರ ನಿಂತು, "ತೇಗಿದ್ವಾ ನರಸಯ್ಯಣ್ಣ?" ಎಂದು ಕೇಳುತ್ತಿದ್ದರು. "ಹನ್ನೊಂದು" ಎನ್ನುತ್ತಿದ್ದ ಅವನು. "ಅಯ್ಯೋ ಪಾಪ" ಎನ್ನುತ್ತಿದ್ದರು ಅವರು. ಬಸ್ಸಿನ ಡ್ರೈವರು ಇನ್ನೂ ನಿಧಾನ ಮಾಡುತ್ತಿದ್ದ, ಆದರೆ ಈಗ ಹಾರನ್ ಹೊಡೆಯುತ್ತಿರಲಿಲ್ಲ. ಕೆಂಪಕ್ಕ ದಿನಕ್ಕೆರಡು ಸಲ ಕೋಣಗಳ ಎಡ ಪಕ್ಕೆಗೆ ಕಿವಿ ಇಟ್ಟು ಕೇಳಿ, ಮಂಕರಿ ಹೊತ್ತು ಹೋಗುತ್ತಿದ್ದಳು. ಕೋಣಗಳು ಮಾತ್ರ ಮೆಲುಕು ಹಾಕುತ್ತಾ, ಮೈ ಮಿರಮಿರ ಮಿಂಚುತ್ತಾ, ಆರಾಮಾಗಿಯೇ ಇದ್ದವು. ಅದನ್ನು ಯಾರೂ ಗಮನಿಸಲಿಲ್ಲ. ಸಾಯುವ ಮುಂಚೆ ಒಂದು ಕಳೆ ಬರುತ್ತದೆಂದು ಹಿಟ್ಟಿನ ಗಿರಣಿಯಲ್ಲಿ ಮಾತಾಯಿತು.

ಕೊನೆಯ ದಿನ ಹನ್ನೊಂದು ಗಂಟೆಗೆ ಪ್ರೊಫೆಸರೂ ಜಿಲ್ಲಾ ಸಾಹೇಬರೂ ಬರುವವರಿದ್ದರು. ಬೆಳಿಗ್ಗೆ ಆರಕ್ಕೇ ಚಿಕ್ಕನರಸಯ್ಯ ಒಗೆದ ಅಂಗಿ ತೊಟ್ಟು ಮಣೆಯ ಮೇಲೆ ಕುಳಿತ. ಗಂಟೆ ಏಳಾಯಿತು. ಪುಸ್ತಕದಲ್ಲಿ ಹನ್ನೆರಡು ಕೋಣಗಳೂ ಸೇರಿ ಮೂರು ಗೀಟು ಇದ್ದವು. ಅದರಲ್ಲೂ ಒಂದು ಅರ್ಧ ಗೀಟು.

ಕರೀಮ್ ಸಾಬರು ಸಿರಾದಿಂದ ಸೈಕಲ್ ತುಳಿದು ಬಂದಿದ್ದರು. ಕೆಂಪಕ್ಕ ದೊಡ್ಡ ಕೋಣದ ಪಕ್ಕೆಗೆ ಕಿವಿಯಿಟ್ಟು ಬಹಳ ಹೊತ್ತು ನಿಂತಿದ್ದಳು.

"ಏನಕ್ಕಾ?" ಎಂದ ಚಿಕ್ಕನರಸಯ್ಯ.

"ಒಳಗೆ ಸದ್ದೇ ಇಲ್ಲ ಕಣ್ಲಾ. ಸಂಜೆಗೆಲ್ಲಾ ಉಬ್ಬರಿಸ್ಕಂಡು ಬಿದ್ದೋಯ್ತವೆ. ಹನ್ನೆರಡೂ."

"ಯಾ ಅಲ್ಲಾ," ಎಂದರು ಸಾಬರು. ಬೈಯಲಿಲ್ಲ. ಅದೇ ಚಿಕ್ಕನರಸಯ್ಯನಿಗೆ ಹೆಚ್ಚು ಕಷ್ಟವಾಯಿತು.

ಅವನಿಗೆ ಎಲ್ಲ ಗೊತ್ತಿತ್ತು. ಇನ್ನು ನಾಲ್ಕು ಗಂಟೆ ಸುಮ್ಮನೆ ಕೂತರೆ ಸಾಕು. ಚೀಲ ಖಾಲಿ ಇರುತ್ತದೆ, ಪ್ರೊಫೆಸರು ಗೆಲ್ಲುತ್ತಾರೆ, ತಾನು ಖಾಯಂ ಆಗುತ್ತೇನೆ. ಕೋಣಗಳು ಸತ್ತರೂ ಸಂಜೆಗೆ ಸಾಯುತ್ತವೆ, ಅಷ್ಟರಲ್ಲಿ ಸಾಹೇಬರ ಜೀಪು ತುಮಕೂರು ಮುಟ್ಟಿರುತ್ತದೆ. ಹೀಗೆಲ್ಲ ಅವನು ಯೋಚಿಸಿದ್ದು ನಿಜ. ಆಮೇಲೆ ಎದ್ದು ಪುಸ್ತಕವನ್ನು ಮಣೆಯ ಮೇಲಿಟ್ಟ.

"ನಾನು ಹನ್ನೊಂದ್ ವರ್ಷ ಕಾದಿವ್ನಿ, ಇನ್ನೂ ಕಾಯ್ತೀನಿ. ಇವು ಕಾಯಲ್ಲ," ಎಂದ. "ಅಕ್ಕ, ಗೊಟ್ಟ ತತ್ತಾ."

ಆಮೇಲೆ ನಡೆದದ್ದನ್ನು ನಮ್ಮೂರಿನವರು ಇವತ್ತಿಗೂ ಹೇಳುತ್ತಾರೆ. ಮನೆಮನೆಯಿಂದ ಮಜ್ಜಿಗೆ ಬಂತು. ಶುಂಠಿ, ಓಮ, ಇಂಗು ಅರೆದು ಕಲಸಿದ್ದು ಇಂದ್ರಮ್ಮ. ಗಂಡ ಏನು ಮಾಡುತ್ತಿದ್ದಾನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೂ ಅರೆದಳು. ಸಾಬರು ಮೂಗುದಾರ ಹಿಡಿದರು, ಚಿಕ್ಕನರಸಯ್ಯ ಗೊಟ್ಟ ಎತ್ತಿದ, ಕೆಂಪಕ್ಕ ಪಕ್ಕೆ ಉಜ್ಜಿದಳು. ಹನ್ನೆರಡು ಬಾಯಿಗೂ ಬೇವಿನ ಕಡ್ಡಿ ಬಿತ್ತು. ಒಂಬತ್ತೂವರೆಗೆ ದೊಡ್ಡ ಕೋಣ ಕತ್ತು ಚಾಚಿ ಒಂದು ತೇಗು ತೇಗಿತು. ಬೇಲಿಯ ಆಚೆ ನಿಂತಿದ್ದ ನಲವತ್ತು ಜನ ಒಟ್ಟಿಗೆ ಉಸಿರುಬಿಟ್ಟರು. ಆಮೇಲೆ ಉಳಿದವೂ ಶುರುಮಾಡಿದವು. ಹತ್ತೂವರೆಯ ಹೊತ್ತಿಗೆ ತೇಗಿನ ಸದ್ದಿನಲ್ಲಿ ಮಾತಾಡಿದ್ದು ಕೇಳಿಸುತ್ತಿರಲಿಲ್ಲ ಎಂದು ರಂಗಯ್ಯ ಹೇಳುತ್ತಾನೆ. ರಂಗಯ್ಯ ಸ್ವಲ್ಪ ಸೇರಿಸಿ ಹೇಳುವವನು.

ಹನ್ನೊಂದಕ್ಕೆ ಸರಿಯಾಗಿ ಜೀಪುಗಳು ಬಂದವು. ಪ್ರೊಫೆಸರು ಹೊಸ ಸೂಟು ತೊಟ್ಟಿದ್ದರು. ಜಿಲ್ಲಾ ಸಾಹೇಬರ ಹಿಂದೆ ಫೈಲು ಹಿಡಿದು ಗಂಗಯ್ಯನವರಿದ್ದರು. ಕೋಣದ ಮೂತಿಗೆ ಚರ್ಮದ ಮುಖವಾಡ, ಅದಕ್ಕೊಂದು ಕೊಳವೆ, ಕೊಳವೆಯ ತುದಿಗೆ ರಬ್ಬರಿನ ಚೀಲ. ಬೇವಿನ ಕಡ್ಡಿಗಳನ್ನು ಕಂಡ ಪ್ರೊಫೆಸರು ಇದು ಸ್ಥಳೀಯ ಅಲಂಕಾರವೆಂದು ತಿಳಿದು ಮೆಚ್ಚಿಕೊಂಡರು.

"ನೋಡಿ ಸಾರ್," ಎಂದರು ಸಾಹೇಬರಿಗೆ. "ಚೀಲ ಅಲ್ಲಾಡುವುದೂ ಇಲ್ಲ."

ಸಾಹೇಬರು ಬಗ್ಗಿ ನೋಡಿದರು. ಚೀಲ ಅಲ್ಲಾಡಿತು. ಆಮೇಲೆ ಎದ್ದು ಕೂತಿತು. ಆಮೇಲೆ ಕುಂಬಳಕಾಯಿಯಷ್ಟಾಯಿತು, ರಾಗಿಯ ಮೂಟೆಯಷ್ಟಾಯಿತು. "ಇನ್ನೂ ಎಷ್ಟು ಹಿಡಿಯುತ್ತೆ ಇದು?" ಎಂದು ಸಾಹೇಬರು ಕೇಳುತ್ತಿರುವಾಗಲೇ ಕೊಳವೆ ಕಿತ್ತುಕೊಂಡು, ಒಂದು ಕೋಣದ ಸಂಪೂರ್ಣ ಅಂತರಂಗ ಅವರ ಮುಖದ ಮೇಲೆ ಖಾಲಿಯಾಯಿತು. ಇಂಗಿನ ವಾಸನೆ ಬೇಲಿಯವರೆಗೂ ಬಂತು.

ಸಾಹೇಬರು ಕರವಸ್ತ್ರದಿಂದ ಮುಖ ಒರೆಸಿಕೊಂಡು ಕೇಳಿದರು. "ಇವಕ್ಕೆ ಔಷಧಿ ಕೊಟ್ಟವನು ಯಾರು?"

"ನಾನೇ ಸ್ವಾಮಿ," ಎಂದಳು ಕೆಂಪಕ್ಕ.

"ನಾನು ಸಾಬ್. ಕೋಣ ನಮ್ದು, ಕುಡಿಸಿದ್ದೂ ನಾನೇ," ಎಂದರು ಕರೀಮ್ ಸಾಬರು.

"ಅವ್ರ ಮಾತು ಕೇಳ್ಬೇಡಿ ಸಾರ್," ಎಂದು ಚಿಕ್ಕನರಸಯ್ಯ ಮುಂದೆ ಬಂದ. "ಗೊಟ್ಟ ಎತ್ತಿದ್ದು ನಾನು. ತೇಗು ನಿಂತೋಗಿತ್ತು ಸಾರ್. ಸತ್ತೋಯ್ತವೆ ಅನ್ನಿಸ್ತು."

ಪ್ರೊಫೆಸರು ತಲೆಯ ಮೇಲೆ ಕೈ ಇಟ್ಟುಕೊಂಡರು. "ನಿಲ್ಲಲಿ ಅಂತಲೇ ಅಲ್ಲವೇನ್ರೀ ನಾವು ಒಂದು ತಿಂಗಳು ಎಣ್ಣೆ ಕೊಟ್ಟದ್ದು!" ಎಂದು ಕೂಗಿದವರು, ಮಣೆಯ ಮೇಲಿನ ಪುಸ್ತಕ ತೆಗೆದು ಮೊದಲಿಂದ ಕೊನೆಯವರೆಗೂ ಹಾಳೆ ತಿರುವಿದರು. ನಲವತ್ತು, ಇಪ್ಪತ್ತೈದು, ಹನ್ನೆರಡು, ಎಲ್ಲ ಅಲ್ಲಿತ್ತು. ಅವರು ಪುಸ್ತಕವನ್ನು ಎದೆಗವಚಿಕೊಂಡು ಜೀಪಿನಲ್ಲಿ ಹೋಗಿ ಕೂತರು. ಗೆದ್ದೆನೋ ಸೋತೆನೋ ಅವರಿಗೇ ತಿಳಿದಿರಲಿಲ್ಲ.

ಸಾಹೇಬರಿಗೆ ಅಂಥ ಗೊಂದಲವಿರಲಿಲ್ಲ. "ಡಾಕ್ಟರಿಲ್ಲದೆ ಔಷಧಿ ಕೊಟ್ಟಿದ್ದೀಯ. ನಿನ್ನನ್ನು ಈಗಿಂದೀಗಲೇ ಸಸ್ಪೆಂಡ್ ಮಾಡಿದ್ದೇನೆ!" ಎಂದು ಊರಿಗೆಲ್ಲ ಕೇಳುವಂತೆ ಹೇಳಿದರು.

ಗಂಗಯ್ಯನವರು ಮೆಲ್ಲಗೆ ಕೆಮ್ಮಿದರು. "ಅದು ಆಗಲ್ಲ ಸಾರ್."

"ಯಾಕಾಗಲ್ಲ?"

"ಇವನು ನೌಕರನೇ ಅಲ್ಲ ಸಾರ್. ದಿನಗೂಲಿ. ನಾಳೆ ಬರಬೇಡ ಅನ್ನಬಹುದು. ಸಸ್ಪೆಂಡ್ ಮಾಡೋಕೆ ಬರಲ್ಲ."

ಬೇಲಿಯ ಕಡೆಯಿಂದ ಯಾರೋ, "ಸಾಹೇಬ್ರಿಗೆ ಪವರ್ ಇಲ್ವಂತೆ ಕಣ್ರಪ್ಪೋ" ಎಂದರು. ಅದು ರಂಗಯ್ಯನೇ ಇರಬೇಕು.

ಸಾಹೇಬರ ಕಿವಿ ಕೆಂಪಾಯಿತು. "ಪವರ್ ಇಲ್ಲವೇನ್ರೀ ನನಗೆ?"

"ಪವರ್ ಇದೆ ಸಾರ್. ಆಳು ಇಲ್ಲ."

"ಅಟೆಂಡರ್ ಹುದ್ದೆ ಖಾಲಿ ಇದೆಯೋ ಇಲ್ಲವೋ?"

"ಹನ್ನೊಂದು ವರ್ಷದಿಂದ ಇದೆ ಸಾರ್. ಅರ್ಜಿಗಳೂ ಇವೆ. ಜೋಡಿಸಿಟ್ಟಿದ್ದೇನೆ."

"ಹಾಗಾದರೆ ಹಾಕ್ರೀ ಇವನನ್ನ. ಮೊದಲು ಹಾಕಿ, ಆಮೇಲೆ ತೆಗೀರಿ. ಆಡಿದ ಮಾತು ಆಡಿದ್ದೇ!" ಎಂದು ಸಾಹೇಬರು ಜೀಪು ಹತ್ತಿದರು. ಗಂಗಯ್ಯನವರು ಹೋಗುವಾಗ ಚಿಕ್ಕನರಸಯ್ಯನ ಕಡೆ ತಿರುಗಿ ನೋಡಿದರು. ನಕ್ಕರೋ ಇಲ್ಲವೋ ಹೇಳುವುದು ಕಷ್ಟ, ಅವರು ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದವರು.

ಒಂದು ವಾರಕ್ಕೆ ಎರಡು ಲಕೋಟೆ ಒಂದೇ ದಿನ ಬಂದವು. ಒಂದರಲ್ಲಿ ಶ್ರೀ ಚಿಕ್ಕನರಸಯ್ಯನವರನ್ನು ಖಾಯಂ ಅಟೆಂಡರ್ ಆಗಿ ನೇಮಿಸಿದ ಆರ್ಡರ್, ಇನ್ನೊಂದರಲ್ಲಿ ಸದರಿ ಶ್ರೀ ಚಿಕ್ಕನರಸಯ್ಯನವರನ್ನು ಅಮಾನತಿನಲ್ಲಿಟ್ಟ ಆರ್ಡರ್. ಎರಡಕ್ಕೂ ದುಂಡು ಸೀಲು ಬಿದ್ದಿತ್ತು. ಕೋಣಗಳು ಅಷ್ಟು ಹೊತ್ತಿಗೆ ಬೆಂಗಳೂರು ಸೇರಿದ್ದವು; ಎಣ್ಣೆ ತಿಂದವು ಉಳಿದವಕ್ಕಿಂತ ಚೆನ್ನಾಗಿ ತೂಗಿದವೆಂದು ಕರೀಮ್ ಸಾಬರು ಒಂದು ಗೊನೆ ಬಾಳೆಹಣ್ಣು ತಂದುಕೊಟ್ಟು ಹೋದರು.

ಸಸ್ಪೆಂಡ್ ಸುದ್ದಿ ಕೇಳಿ ಚೌಡಯ್ಯ ಮಧುಗಿರಿಯಿಂದ ಸಪ್ಪೆ ಮುಖ ಮಾಡಿಕೊಂಡು ಬಂದ. ಬಂದರೆ ತಂಗಿ ಒಬ್ಬಟ್ಟು ತಟ್ಟುತ್ತಿದ್ದಳು.

"ಸಸ್ಪೆಂಡ್ ಆದೋನ ಮನೇಲಿ ಒಬ್ಬಟ್ಟಾ ಇಂದ್ರಿ?"

"ಕುಂತ್ಕೋ ಅಣ್ಣ, ತಿನ್ನುವಂತೆ. ನೀನು ಸೇರಿ ಹದ್ನಾರು ವರ್ಷ ಆಯ್ತು. ಒಂದೇ ದಿನ ಎರಡೆರಡು ಸಲ ಸರ್ಕಾರ ನಿನ್ ಹೆಸ್ರು ಬರ್ದೈತಾ?"

ಚೌಡಯ್ಯ ಕಾಲು ಮಡಿಸಿಕೊಂಡು ಕೂತು ತಿಂದ.

ಹನ್ನೊಂದು ವರ್ಷ ಚಿಕ್ಕನರಸಯ್ಯ ಕೆಲಸವಿಲ್ಲದೆ ಕೆಲಸ ಮಾಡಿದ್ದ. ಈಗ ಕೆಲಸವಿತ್ತು, ಮಾಡುವಂತಿರಲಿಲ್ಲ. ಡಾಕ್ಟರು ಎಂದಿನಂತೆ ಕ್ಯಾಂಪಿನಲ್ಲಿದ್ದುದರಿಂದ ಮರುದಿನ ಬೆಳಿಗ್ಗೆ ಅವನೇ ಹೋಗಿ ಆಸ್ಪತ್ರೆಯ ಬೀಗ ತೆಗೆದ. ಕುಂಟುವ ಹೋರಿಯೊಂದನ್ನು ಹಿಡಿದುಕೊಂಡು ಬಂದಿದ್ದ ಕೆಂಪಕ್ಕ ಅವನ ಮುಖವನ್ನೇ ನೋಡಿದಳು. ಅತ್ತಿರಬಹುದೆಂದು ಅವಳ ಅನುಮಾನ.

"ಅಲ್ಲಾ ಕಣ್ಲಾ ನರಸಯ್ಯ, ಕೆಲಸದಿಂದ ತೆಗೆದವ್ರಂತೆ. ಹಲ್ಲು ಕಿರೀತಾ ನಿಂತಿದ್ದೀಯಲ್ಲಾ?"

"ತೆಗೆದವ್ರೆ ಅಕ್ಕ," ಎಂದು ಚಿಕ್ಕನರಸಯ್ಯ ಹೋರಿಯ ಕಾಲೆತ್ತಿ ಗೊರಸು ನೋಡತೊಡಗಿದ. "ಕೆಲಸದಲ್ಲಿ ಇಲ್ದೋನ್ನ ಯಾರಾದ್ರೂ ತೆಗೀತಾರಾ?"